23 ಬಾಗಿಲಿನ ಬೀಗದ ಕಥೆ

ಪೀಣ್ಯದ ನಮ್ಮ ಗೋದಾಮಿಗೆ 23 ಬಾಗಿಲು. ಕೆಲಸ ಬಿಟ್ಟವರು ಕೀ ವಾಪಸ್ ಕೊಟ್ಟೇ ಹೋಗಿದ್ದರು, ಆದರೂ ಬೀಗ ಒಡೆಯದೆಯೇ ತಾಮ್ರದ ತಂತಿ ಕಳುವಾಯಿತು. ನಮ್ಮ ಕೀಗಳಿಗೆ ರಸ್ತೆಬದಿಯಲ್ಲೇ ನಕಲು ಮಾಡಿಸಬಹುದಿತ್ತು. ತಪ್ಪಿದ್ದದ್ದು ಅಲ್ಲೇ.

ಎಲ್ಲಕ್ಕೂ ಒಂದೇ ಮಾಸ್ಟರ್ ಕೀ ಮಾಡಿಸಲು ಹೊರಟಿದ್ದೆ. ಬೀಗದ ಕೆಲಸದ ಹಿರಿಯರೊಬ್ಬರು ತಡೆದರು: "ಅದೊಂದು ಕಳೆದರೆ ಎಲ್ಲಾ ಬಾಗಿಲೂ ಹೋದಂತೆ ಸ್ವಾಮಿ." ಮಾಸ್ಟರ್ ಕೀಗೆಂದು ಸಿಲಿಂಡರ್ (ಬೀಗದಲ್ಲಿ ಕೀ ತೂರಿಸುವ ಭಾಗ) ಒಳಗೆ, ಕೀ ಹಲ್ಲಿಗೆ ತಕ್ಕಂತೆ ಸರಿಯುವ ಪಿನ್‌ಗಳ ನಡುವೆ ಹೆಚ್ಚುವರಿ ಪಿನ್ ತುಂಡು ಸೇರಿಸುತ್ತಾರೆ. ಆಗ ಬೀಗ ತೆರೆದುಕೊಳ್ಳುವ ಪಿನ್ ಹೊಂದಾಣಿಕೆಗಳೂ ಹೆಚ್ಚುತ್ತವೆ, ಭದ್ರತೆ ಅಷ್ಟು ಕಡಿಮೆಯಾಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ಕಚೇರಿ, ದಾಸ್ತಾನು, ಲೋಡಿಂಗ್ ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿಗೆ ಬೇರೆ ಮಾಸ್ಟರ್ ಕೊಟ್ಟೆವು. ತಾಮ್ರದ ಕೋಣೆ ಯಾವ ಗುಂಪಿಗೂ ಸೇರಲಿಲ್ಲ. ಅಧಿಕೃತ ಕಾರ್ಡ್ ತೋರಿಸದಿದ್ದರೆ ನಕಲು ಕೊಡದ ಪೇಟೆಂಟ್ ಕೀಗಳನ್ನೇ ಆರಿಸಿದೆವು. ಬಹುತೇಕ ಬಾಗಿಲುಗಳಲ್ಲಿ ಬೀಗದ ಪೆಟ್ಟಿಗೆ ಹಳೆಯದೇ, ಸಿಲಿಂಡರ್ ಮಾತ್ರ ಹೊಸದು. ಖರ್ಚು ಉಳಿಯಿತು.

ತುರ್ತು ಬಾಗಿಲು ಒಳಗಿನಿಂದ ಕೀ ಇಲ್ಲದೆಯೇ ತೆರೆಯಬೇಕು, ಅದರಲ್ಲಿ ರಾಜಿ ಬೇಡ. ಪ್ರತಿ ಕೀಗೂ ನಂಬರ್ ಕೆತ್ತಿಸಿದ್ದೇವೆ. ಈಗ ಸಂಜೆ ಪಾಳಿ ಮುಗಿದಾಗ ಅವು ರಿಜಿಸ್ಟರ್‌ನಲ್ಲಿ ಸಹಿಯಾಗಿ ಪೆಟ್ಟಿಗೆಗೆ ಬರುತ್ತವೆ.