ಕೋಶಮರಣದ ಜೀನನ್ನು ವೈರಸ್ ವಾಹಕದಲ್ಲಿ ಕಳುಹಿಸುವ ಪ್ರಯೋಗವನ್ನು ಯೋಜಿಸುವ ಬಗೆ

ಬ್ಯಾಕ್ಸ್ ಅಥವಾ ಕ್ಯಾಸ್ಪೇಸ್-9ರಂಥ, ಕೋಶವನ್ನು ಸಾವಿಗೆ ದೂಡುವ ಜೀನನ್ನು ವೈರಸ್ ವಾಹಕಕ್ಕೆ (ಜೀನನ್ನು ಕೋಶದೊಳಕ್ಕೆ ಒಯ್ಯುವಂತೆ ಮಾರ್ಪಡಿಸಿದ ವೈರಸ್ಸಿಗೆ) ಸೇರಿಸಿ ಕಲ್ಚರ್ ತಟ್ಟೆಯ ಜೀವಕೋಶಗಳಿಗೆ ಕೊಟ್ಟಾಗ, ಮೂರನೆಯ ದಿನಕ್ಕೆ ಅವು ಸಾಯುವುದರಲ್ಲಿ ಅಚ್ಚರಿಯೇನಿಲ್ಲ. ಅವು ಸತ್ತದ್ದು ಆ ಜೀನಿನಿಂದಲೇ, ವೈರಸ್ಸಿನ ಹೊರೆಯಿಂದಲ್ಲ ಎಂದು ತೋರಿಸುವುದು ಈ ಕೆಲಸದ ನಿಜವಾದ ಕಷ್ಟ. ಹೊಸದಾಗಿ ಪ್ರಯೋಗಾಲಯ ಸೇರಿದವರು ಆ ಪುರಾವೆಯನ್ನು ಕೊನೆಗೆ ಹುಡುಕಲು ಹೊರಡುತ್ತಾರೆ. ಅದನ್ನು ಮೊದಲ ದಿನವೇ ಯೋಜನೆಯೊಳಗೆ ಹೆಣೆದಿಡಬೇಕು.

ಅನುಮತಿಯ ಮಾತು ಮೊದಲು. ಮಾನವ ಜೀವಕೋಶಗಳನ್ನು ಸೋಂಕಬಲ್ಲ ಲೆಂಟಿವೈರಸ್ ಮತ್ತು ಅಡಿನೋವೈರಸ್ ವಾಹಕಗಳು ತಾವಾಗಿ ವೃದ್ಧಿಯಾಗದಂತೆ ರೂಪಿಸಲ್ಪಟ್ಟಿದ್ದರೂ, ಅವುಗಳ ಕೆಲಸವನ್ನು ಸಾಮಾನ್ಯವಾಗಿ ಎರಡನೆಯ ಹಂತದ ಜೈವಿಕ ಸುರಕ್ಷತೆಯ ಕೊಠಡಿಯಲ್ಲಿ ನಡೆಸುತ್ತಾರೆ. ಭಾರತದಲ್ಲಿ 1989ರ ನಿಯಮಗಳಂತೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಯೋಜನೆಯನ್ನು ಇಡಬೇಕಾಗುತ್ತದೆ. ಒಯ್ಯುತ್ತಿರುವುದು ಕೋಶವನ್ನು ಕೊಲ್ಲುವ ಜೀನ್ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಸೂಜಿ ಚುಚ್ಚಿದರೆ, ಕಣ್ಣಿಗೆ ಹನಿ ಸಿಡಿದರೆ ಏನು ಮಾಡಬೇಕೆಂಬುದನ್ನು ಸಮಿತಿ ಆ ಒಂದು ವಾಕ್ಯದ ಮೇಲೆಯೇ ನಿರ್ಧರಿಸುತ್ತದೆ.

ವಾಹಕದ ಆಯ್ಕೆ ಜೀನಿನ ಉದ್ದವನ್ನೂ ಬೇಕಾದ ವೇಗವನ್ನೂ ಅವಲಂಬಿಸಿದೆ. ಎಎವಿ (ಅಡಿನೋ-ಸಂಬಂಧಿತ ವೈರಸ್) ಎಂಬ ಪುಟ್ಟ ವಾಹಕದಲ್ಲಿ ಒಟ್ಟು ಸುಮಾರು 4.7 ಕಿಲೋಬೇಸ್‌ನಷ್ಟೇ ಜಾಗವಿದೆ, ಲೆಂಟಿವೈರಸ್ಸಿನಲ್ಲಿ ಅದಕ್ಕಿಂತ ಹೆಚ್ಚು. ಬ್ಯಾಕ್ಸ್ ಪ್ರೋಟೀನಿನಲ್ಲಿ 192 ಅಮೈನೋ ಆಮ್ಲಗಳೇ ಇರುವುದರಿಂದ ಉದ್ದ ಅಡ್ಡಿಯಾಗದು. ಅಡಿನೋವೈರಸ್ ಕೋಶದ ವಂಶತಂತುವಿಗೆ (ಡಿಎನ್ಎಗೆ) ಸೇರದೆ ಬೇಗನೆ ಹೆಚ್ಚು ಪ್ರೋಟೀನ್ ಕೊಡುತ್ತದೆ. ಲೆಂಟಿವೈರಸ್ ವಂಶತಂತುವಿನೊಳಗೆ ಸೇರಿಕೊಂಡು ನಿಧಾನವಾಗಿ, ಆದರೆ ದೀರ್ಘಕಾಲ ನಡೆಯುತ್ತದೆ. ಆಯ್ದ ಕೋಶಗಳನ್ನು ಬೆಳೆಸಿಟ್ಟುಕೊಂಡು ಬೇಕೆಂದಾಗ ಜೀನನ್ನು ಎಬ್ಬಿಸುವ ಉದ್ದೇಶವಿದ್ದರೆ ಲೆಂಟಿವೈರಸ್ಸೇ ಸರಿಯೆಂದು ನನ್ನ ಅಭಿಪ್ರಾಯ.

ಎಬ್ಬಿಸುವ ಮಾತು ಇಲ್ಲಿ ಮುಖ್ಯ. ಕೊಲ್ಲುವ ಜೀನ್ ಸದಾ ಎಚ್ಚರವಾಗಿದ್ದರೆ ವಾಹಕವನ್ನು ತಯಾರಿಸುವ ಕೋಶಗಳೇ ಮೊದಲು ಸಾಯುತ್ತವೆ, ವಾಹಕದ ಪ್ರಮಾಣವೂ ಇಳಿಯುತ್ತದೆ. ತಯಾರಿಕೆಗೆ ಬಳಸುವ ಎಚ್‌ಇಕೆ 293 ಕೋಶಗಳಲ್ಲಿ ಅಡಿನೋವೈರಸ್ಸಿನ ಇ1ಬಿ 19ಕೆ ಎಂಬ, ಸಾವನ್ನು ತಡೆಯುವ ಪ್ರೋಟೀನ್ ಇರುವುದರಿಂದ ಅವು ಸ್ವಲ್ಪ ತಾಳಿಕೊಳ್ಳುತ್ತವೆ, ಆದರೂ ಅದನ್ನೇ ನಂಬಿ ಕೂರುವುದು ತಪ್ಪು. ಆದ್ದರಿಂದ ಜೀನನ್ನು ಡಾಕ್ಸಿಸೈಕ್ಲಿನ್ ಎಂಬ, ಟೆಟ್ರಾಸೈಕ್ಲಿನ್ ಬಳಗದ ಔಷಧ ಸೇರಿಸಿದಾಗ ಮಾತ್ರ ಚಾಲೂ ಆಗುವ ಪ್ರಮೋಟರಿನ (ಜೀನಿನ ಸ್ವಿಚ್ಚಿನಂತಿರುವ ಡಿಎನ್ಎ ಭಾಗದ) ಕೆಳಗಿಡುವುದು ವಾಡಿಕೆ. ಇಲ್ಲಿ ಒಂದು ಸಣ್ಣ ಸಂಗತಿ ಇಡೀ ತಿಂಗಳ ಶ್ರಮವನ್ನು ಹಾಳುಮಾಡಬಲ್ಲದು: ಮೀಡಿಯಂಗೆ ಬೆರೆಸುವ ಕರುವಿನ ಸೀರಂನಲ್ಲಿ ಟೆಟ್ರಾಸೈಕ್ಲಿನ್‌ನ ಅಂಶವಿದ್ದರೆ ಔಷಧ ಹಾಕದೆಯೇ ಜೀನ್ ಸೋರತೊಡಗುತ್ತದೆ, ಅಂದರೆ ಸ್ವಲ್ಪಸ್ವಲ್ಪವೇ ಚಾಲೂ ಆಗುತ್ತದೆ. ಟೆಟ್ರಾಸೈಕ್ಲಿನ್‌ರಹಿತವೆಂದು ಪರೀಕ್ಷಿಸಿದ ಸೀರಂ ತರಿಸಿಕೊಳ್ಳಿ, ಡಾಕ್ಸಿಸೈಕ್ಲಿನ್ ಇಲ್ಲದ ತಟ್ಟೆಯಲ್ಲಿ ಪ್ರೋಟೀನ್ ಕಾಣುತ್ತಿಲ್ಲವೆಂದು ಖಾತ್ರಿಪಡಿಸಿಕೊಳ್ಳಿ. ಇನ್ನೂ ಬಿಗಿಯಾದ ಹಿಡಿತ ಬೇಕಿದ್ದರೆ, ಔಷಧದ ಅಣು ಸಿಕ್ಕಾಗ ಮಾತ್ರ ಜೋಡಿಯಾಗಿ ಚುರುಕಾಗುವಂತೆ ಮಾರ್ಪಡಿಸಿದ ಕ್ಯಾಸ್ಪೇಸ್-9 ಇದೆ. ಮೂಳೆಮಜ್ಜೆಯ ಕಸಿಯಲ್ಲಿ ದಾನಿಯ ಟಿ ಕೋಶಗಳಿಗೆ ಸುರಕ್ಷತಾ ಸ್ವಿಚ್ಚಾಗಿ ಅದನ್ನು ಬಳಸಿದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಕೋಶಗಳ ಆಯ್ಕೆಯಲ್ಲಿಯೂ ಅಷ್ಟೇ ಎಚ್ಚರ ಬೇಕು. ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳಲ್ಲಿ ಕೆಲಸ ಮಾಡುವ ಕ್ಯಾಸ್ಪೇಸ್-3 (ಕ್ಯಾಸ್ಪೇಸ್-9 ಚುರುಕುಗೊಳಿಸುವ, ಕೋಶದ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ) ಇಲ್ಲ. ಇದನ್ನು ತಿಳಿಯದೆ ಅವುಗಳಲ್ಲಿ ಕ್ಯಾಸ್ಪೇಸ್-3 ಹುಡುಕಿದರೆ ಜೀನ್ ಕೆಲಸ ಮಾಡಲಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಇನ್ನು ಹೋಲಿಕೆಯ ತಟ್ಟೆಗಳು. ವೈರಸ್ ಕೊಡದ ಕೋಶಗಳ ತಟ್ಟೆ ಬೇಕು. ಹಸಿರು ಹೊಳೆಯುವ ಪ್ರೋಟೀನನ್ನಷ್ಟೇ ಒಯ್ಯುವ ಅದೇ ವಾಹಕವನ್ನು ಅಷ್ಟೇ ಪ್ರಮಾಣದಲ್ಲಿ ಕೊಟ್ಟ ತಟ್ಟೆಯೂ ಬೇಕು. ಎಲ್ಲಕ್ಕಿಂತ ಮಿಗಿಲಾದದ್ದು ನಿಷ್ಕ್ರಿಯಗೊಳಿಸಿದ ಜೀನಿನ ತಟ್ಟೆ: ಕ್ಯಾಸ್ಪೇಸ್-9ರಲ್ಲಿ 287ನೆಯ ಸಿಸ್ಟೀನನ್ನು ಅಲನೀನ್ ಮಾಡಿದರೆ ಪ್ರೋಟೀನ್ ಹಾಗೆಯೇ ತಯಾರಾಗುತ್ತದೆ, ಕತ್ತರಿಸುವ ಶಕ್ತಿ ಮಾತ್ರ ಹೋಗುತ್ತದೆ. ಆ ತಟ್ಟೆಯೂ ಸತ್ತರೆ ಸಾವಿಗೆ ಕಾರಣ ಕ್ಯಾಸ್ಪೇಸಿನ ಕೆಲಸವಲ್ಲ. ಸಾವನ್ನು ಗುರುತಿಸುವ ಪರೀಕ್ಷೆಗಳು ಸರಿಯಿವೆಯೇ ಎಂದು ನೋಡಲು ಕೋಶಮರಣವನ್ನು ಖಚಿತವಾಗಿ ಉಂಟುಮಾಡುವ ಸ್ಟಾರೋಸ್ಪೋರಿನ್ ಕೊಟ್ಟ ತಟ್ಟೆಯೊಂದನ್ನೂ ಇಡಿ.

ವೈರಸ್ಸಿನ ಪ್ರಮಾಣವನ್ನು ಲೆಕ್ಕ ಹಾಕುವಾಗ, ಕೋಶಕ್ಕೆ ಸರಾಸರಿ ಒಂದು ಕಣ ಕೊಟ್ಟರೆ ಪ್ರತಿ ಕೋಶಕ್ಕೂ ಒಂದೊಂದು ಸಿಕ್ಕಿತೆಂದು ಭಾವಿಸಬೇಡಿ. ಹಂಚಿಕೆ ಪಾಸಾನ್ ನಿಯಮದಂತೆ, ಅಂದರೆ ಆಕಸ್ಮಿಕವಾಗಿ, ನಡೆಯುವುದರಿಂದ ಸುಮಾರು ಶೇ. 37ರಷ್ಟು ಕೋಶಗಳಿಗೆ ಒಂದೂ ಸಿಗುವುದಿಲ್ಲ. ಸರಾಸರಿ 0.3 ಕೊಟ್ಟರೆ ಸುಮಾರು ಶೇ. 26ರಷ್ಟು ಕೋಶಗಳಷ್ಟೇ ಸೋಂಕುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಪ್ರತಿ ಇರುತ್ತದೆ. ಸೋರಿಕೆ ತಗ್ಗಿಸುವುದೂ ವಾಹಕದ ಹೊರೆ ಇಳಿಸುವುದೂ ಉದ್ದೇಶವಾದರೆ ಈ ಕಡಿಮೆ ಪ್ರಮಾಣವೇ ಲೇಸು. ಸೋಂಕಿದವನ್ನು ಆಮೇಲೆ ಆಯ್ದು ಬೆಳೆಸಿಕೊಳ್ಳಬಹುದು.

ಡಾಕ್ಸಿಸೈಕ್ಲಿನ್ ಹಾಕಿದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆಯನ್ನು ಆಗಾಗ ನೋಡಿ. ತಳಕ್ಕೆ ಹರಡಿ ಅಂಟಿಕೊಂಡಿದ್ದ ಕೋಶ ಮೊದಲು ದುಂಡಗಾಗುತ್ತದೆ, ಅಂಚಿನಲ್ಲಿ ಕುದಿಯುವ ಗಂಜಿಯ ಮೇಲಿನ ಗುಳ್ಳೆಗಳಂಥ ಉಬ್ಬುಗಳೇಳುತ್ತವೆ, ಆಮೇಲೆ ಕೋಶ ತಳ ಬಿಟ್ಟು ಮೀಡಿಯಂನಲ್ಲಿ ತೇಲತೊಡಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕೋಶಗಳನ್ನು ಬಿಡಿಸುವ ಮುನ್ನ ಅಭ್ಯಾಸಬಲದಿಂದ ಹಳೆಯ ಮೀಡಿಯಂ ಹೀರಿ ಚೆಲ್ಲುತ್ತಾರೆ. ಸತ್ತ ಕೋಶಗಳೆಲ್ಲ ಅದರೊಂದಿಗೆ ಹೋಗಿ, ತಟ್ಟೆಯಲ್ಲಿ ಉಳಿದ ಗಟ್ಟಿಗರು ಮಾತ್ರ ಎಣಿಕೆಗೆ ಬರುತ್ತಾರೆ. ನನ್ನ ಮೊದಲ ಮೂರು ಪ್ರಯೋಗಗಳಲ್ಲಿ ಜೀನ್ ನಿರುಪಯುಕ್ತವೆಂದು ಬರೆದಿಟ್ಟದ್ದು ಇದೇ ಕಾರಣಕ್ಕೆ. ಮೀಡಿಯಂ ಮತ್ತು ತೊಳೆದ ನೀರು ಎರಡನ್ನೂ ಅದೇ ನಳಿಕೆಗೆ ಸೇರಿಸಿ, ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ. ಕೋಶಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಕಿಣ್ವವನ್ನು ಹೆಚ್ಚು ಹೊತ್ತು ಬಿಟ್ಟರೆ ಆರೋಗ್ಯವಂತ ಕೋಶದ ಪೊರೆಯೂ ಹಾಳಾಗಿ ಸುಳ್ಳು ಲೆಕ್ಕ ಬರುತ್ತದೆ.

ಅಳತೆಗೆ, ಸಾಯತೊಡಗಿದ ಕೋಶದ ಹೊರಮೈಗೆ ಅಂಟುವ ಅನೆಕ್ಸಿನ್-5 ಮತ್ತು ಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುವ ಪ್ರೊಪಿಡಿಯಂ ಅಯೊಡೈಡ್ ಬಣ್ಣದ ಜೋಡಿ ಒಳ್ಳೆಯದು. ಅನೆಕ್ಸಿನ್ ಹಿಡಿಯಲು ಕ್ಯಾಲ್ಸಿಯಂ ಬೇಕಾದ್ದರಿಂದ ಆ ಬಫರಿನಲ್ಲಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ ಇರಕೂಡದು. ವಾಹಕ ಹಸಿರಾಗಿ ಹೊಳೆಯುತ್ತಿದ್ದರೆ ಹಸಿರು ಬಣ್ಣದ ಅನೆಕ್ಸಿನ್ ಬಳಸಬೇಡಿ, ಎರಡೂ ಒಂದರಲ್ಲೊಂದು ಬೆರೆತುಹೋಗುತ್ತವೆ. ಒಂದೇ ಪರೀಕ್ಷೆಗೆ ನಿಲ್ಲದೆ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಗುರುತಿಸುವ ವೆಸ್ಟರ್ನ್ ಬ್ಲಾಟಿನಲ್ಲಿ, ಕ್ಯಾಸ್ಪೇಸ್ ಕತ್ತರಿಸುವ 116 ಕಿಲೋಡಾಲ್ಟನ್‌ನ ಪಾರ್ಪ್ ಪ್ರೋಟೀನ್ ತುಂಡಾಗಿ 89ರ ಗೆರೆ ಮೂಡಿದೆಯೇ ಎಂದೂ ನೋಡಿ.

ಕೊನೆಯದಾಗಿ, ಕ್ಯಾಸ್ಪೇಸ್‌ಗಳನ್ನು ತಡೆಯುವ ಝಡ್-ವ್ಯಾಡ್-ಎಫ್‌ಎಂಕೆ ಸೇರಿಸಿ ಸಾವು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ. ಬ್ಯಾಕ್ಸ್ ಜೀನಿನ ವಿಷಯದಲ್ಲಿ ಮಾತ್ರ ಈ ಫಲಿತಾಂಶವನ್ನು ನಿಧಾನವಾಗಿ ಓದಬೇಕು. ಬ್ಯಾಕ್ಸ್ ಮೈಟೋಕಾಂಡ್ರಿಯದ ಹೊರಪೊರೆಯನ್ನೇ ತೂತು ಮಾಡುವುದರಿಂದ, ಕ್ಯಾಸ್ಪೇಸ್ ತಡೆದರೂ ಕೋಶ ತಡವಾಗಿ ಸಾಯಬಹುದು. ಹಾಗಾಗಿ ಆ ತಟ್ಟೆಯನ್ನು 24 ಗಂಟೆಗೇ ಬಿಸಾಡದೆ ಮುಂದಿನ ಎರಡು ದಿನಗಳೂ ಎಣಿಸಿ.