ಮೈಕಲ್ ಜಾನ್ಸನ್ ಓಟದ ಲೆಕ್ಕ: 400 ಮೀಟರ್ ತರಬೇತಿಗೆ ನಾನು ಬಳಸಿಕೊಂಡ ಬಗೆ

400 ಮೀಟರ್ ಓಡುವ ಹುಡುಗರಿಗೆ ಅಮೆರಿಕದ ಓಟಗಾರ ಮೈಕಲ್ ಜಾನ್ಸನ್ ವಿಡಿಯೊ ತೋರಿಸಿದರೆ ಮರುದಿನ ಬೆಳಿಗ್ಗೆ ಎಲ್ಲರ ಬೆನ್ನೂ ಸೆಟೆದಿರುತ್ತದೆ. ಎದೆ ಮುಂದೆ, ಗದ್ದ ಮೇಲೆ, ಹೆಜ್ಜೆ ಗಿಡ್ಡ. ಅದನ್ನು ಅಂದೇ ನಿಲ್ಲಿಸುತ್ತೇನೆ. ಆ ನಿಲುವು ಅವರ ಮೈಕಟ್ಟಿಗೆ ಸೇರಿದ್ದು: ಆರಡಿಗೂ ಸ್ವಲ್ಪ ಮೇಲಿನ ಎತ್ತರ, ಆ ಎತ್ತರಕ್ಕೆ ಉದ್ದ ಎನ್ನಲಾಗದ ಕಾಲು, ಅದನ್ನು ತುಂಬಿಕೊಡುವಂತೆ ಪಟಪಟನೆ ಬೀಳುವ ಹೆಜ್ಜೆ. ಟೆಕ್ಸಾಸ್‌ನ ವೇಕೊ ಊರಿನ ಬೇಯ್ಲರ್ ವಿಶ್ವವಿದ್ಯಾಲಯದಲ್ಲಿ ಅವರನ್ನು ಬೆಳೆಸಿದ ಕೋಚ್ ಕ್ಲೈಡ್ ಹಾರ್ಟ್. ಅದೇ ಹಾರ್ಟ್ ಗರಡಿಯ ಜೆರೆಮಿ ವಾರಿನರ್ (ಅಥೆನ್ಸ್ 2004, 44.00) ಕಡ್ಡಿ ಮೈಯವರು, ಉದ್ದ ಹೆಜ್ಜೆಯವರು. ಸಾನ್ಯಾ ರಿಚರ್ಡ್ಸ್-ರಾಸ್ (ಲಂಡನ್ 2012, 49.55) ಓಟದ ಬಗೆಯೇ ಬೇರೆ. ಮೂವರೂ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಚಿನ್ನ ಗೆದ್ದರು, ಮೂವರ ನಿಲುವಿಗೂ ಒಂದಕ್ಕೊಂದು ಹೋಲಿಕೆಯಿಲ್ಲ. ಹೋಲುವುದು ಇರುವ ಶಕ್ತಿಯನ್ನು ಎಲ್ಲಿ ಎಷ್ಟು ಖರ್ಚು ಮಾಡಿದರು ಎಂಬುದರಲ್ಲಿ. ನಾನು ತೆಗೆದುಕೊಂಡದ್ದು ಅಷ್ಟನ್ನೇ.

ಸೆವಿಲ್ಲಾ, 26 ಆಗಸ್ಟ್ 1999

ಲೆಕ್ಕಕ್ಕೆ ಆಧಾರವಾಗಿ ಹಿಡಿಯುವುದು ಸೆವಿಲ್ಲಾದ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಬುಚ್ ರೆನಾಲ್ಡ್ಸ್ 1988ರಲ್ಲಿ ಜ್ಯೂರಿಕ್‌ನಲ್ಲಿ ಓಡಿದ್ದ 43.29ರ ವಿಶ್ವದಾಖಲೆಯನ್ನು ಜಾನ್ಸನ್ ಅಲ್ಲಿ 43.18ಕ್ಕೆ ಇಳಿಸಿದರು. ಆಗ ಅವರಿಗೆ ಇನ್ನೇನು 32 ತುಂಬುವುದರಲ್ಲಿತ್ತು. ನೂರು ನೂರು ಮೀಟರಿಗೆ ಒಡೆದರೆ 11.10, 10.12, 10.44, 11.52. ಅಂದರೆ 200ರಲ್ಲಿ 21.22, 300ರಲ್ಲಿ 31.66. ಎರಡನೇ ಅರ್ಧ 21.96. ಎರಡು ಅರ್ಧಗಳ ನಡುವಿನ ಅಂತರ 0.74 ಸೆಕೆಂಡ್ ಮಾತ್ರ.

ಇದರಲ್ಲಿ ಎರಡು ಕಡೆ ಕಣ್ಣಿಡಬೇಕು. ಒಂದು, ಕೊನೆಯ ನೂರು ಮೀಟರ್ ಅವರದೇ ಎರಡನೇ ನೂರಕ್ಕಿಂತ 1.40 ಸೆಕೆಂಡ್ ನಿಧಾನ. ಕೊನೆಯಲ್ಲಿ ‘ವೇಗ ಹೆಚ್ಚಿಸಿದರು’ ಅನ್ನಿಸುವುದು ಕಣ್ಣಿನ ಮೋಸ. ಪಕ್ಕದ ಲೇನಿನವರು ಇನ್ನೂ ಹೆಚ್ಚು ಕುಸಿಯುತ್ತಿರುತ್ತಾರೆ, ಅಷ್ಟೆ. ‘ಕೊನೆಗೆ ಗೇರ್ ಬದಲಾಯಿಸು’ ಎಂದು ಗೆರೆಯಾಚೆಯಿಂದ ಕೂಗುವವರು ಈ ಅಂಕಿ ನೋಡಿದರೆ ಸಾಕು. ಇನ್ನೊಂದು, ಮೂರನೇ ನೂರು. 10.12ರಿಂದ 10.44ಕ್ಕೆ ಇಳಿದದ್ದು 0.32 ಮಾತ್ರ. ಸಾಮಾನ್ಯ ಓಟಗಾರ ತಿರುವಿನಲ್ಲಿ ‘ಕೊನೆಗೆ ಉಳಿಸಿಕೊಳ್ಳೋಣ’ ಎಂದು ಸಡಿಲ ಬಿಡುವ ಜಾಗ ಇದೇ. ದಾಖಲೆ ಆದದ್ದೂ ಇಲ್ಲೇ.

ದಕ್ಷಿಣ ಆಫ್ರಿಕಾದ ವೇಡ್ ವಾನ್ ನೀಕರ್ಕ್ 2016ರಲ್ಲಿ ರಿಯೋದಲ್ಲಿ 43.03 ಓಡಿ ಈ ದಾಖಲೆ ಮುರಿದಾಗ ಮೊದಲ 200 ಸುಮಾರು 20.5, ಎರಡನೆಯದು ಸುಮಾರು 22.5. ಅಂತರ ಎರಡು ಸೆಕೆಂಡ್. ಅವರು 100 ಮೀಟರನ್ನು 10 ಸೆಕೆಂಡಿನೊಳಗೂ 200 ಅನ್ನು 20ರೊಳಗೂ ಓಡಿದ್ದವರು, ಅಷ್ಟು ಸಾಲ ಮಾಡಿ ತೀರಿಸಬಲ್ಲರು. 100 ಮೀಟರನ್ನು 11.5 ಸೆಕೆಂಡಿಗೆ ಓಡುವ ಹುಡುಗನ ಕೈಲಿ ಆ ಯೋಜನೆ ಕೊಟ್ಟರೆ 320ನೇ ಮೀಟರಿನಲ್ಲಿ ಕಾಲು ಕಟ್ಟಿಹೋಗುತ್ತದೆ.

ವಿಡಿಯೊದಿಂದ ಸ್ಪ್ಲಿಟ್ ತೆಗೆಯುವುದು

ಸ್ಪ್ಲಿಟ್ ಎಂದರೆ ಓಟದ ಒಂದೊಂದು ತುಂಡಿಗೆ ಹಿಡಿದ ಸಮಯ. ಸಿದ್ಧ ಅಂಕಿ ಎಲ್ಲ ಓಟಕ್ಕೂ ಸಿಗುವುದಿಲ್ಲ, ಸಿಕ್ಕರೂ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆದ್ದರಿಂದ ಫ್ರೇಮ್ ಎಣಿಸಿ ಪರೀಕ್ಷಿಸುತ್ತೇನೆ. ಎಣಿಕೆ ಪಿಸ್ತೂಲಿನಿಂದ ಶುರು ಮಾಡಬಾರದು. ಹೊಗೆ ಕಾಣುವ ಕೋನ ಅಪರೂಪ, ಸದ್ದು ತಡವಾಗಿ ಬರುತ್ತದೆ, ಪರದೆಯ ಮೇಲಿನ ಗಡಿಯಾರವನ್ನಂತೂ ನಂಬಲಾಗದು. ಎದೆ ಗೆರೆ ಮುಟ್ಟುವ ಫ್ರೇಮನ್ನು ಅಧಿಕೃತ ಸಮಯ ಎಂದು ಹಿಡಿದು ಹಿಂದಕ್ಕೆ ಎಣಿಸಬೇಕು.

ಟ್ರ್ಯಾಕಿನ ಗುರುತುಗಳೇ ಅಳತೆಗೋಲು. 400 ಮೀಟರ್ ಹರ್ಡಲ್ಸ್‌ನ ಹಸಿರು ಗುರುತುಗಳು ಪ್ರತಿ ಲೇನಿನಲ್ಲೂ ಇರುತ್ತವೆ: ಮೊದಲನೆಯದು 45 ಮೀಟರಿಗೆ, ಆಮೇಲೆ ಪ್ರತಿ 35ಕ್ಕೆ, ಕೊನೆಯದು 360ಕ್ಕೆ. ಆಯಾ ಲೇನಿನ 200 ಮೀಟರ್ ಆರಂಭದ ಗೆರೆಯೇ 400 ಓಟದ ಸರಿಯಾದ ಅರ್ಧ, ಏಕೆಂದರೆ ಅಲ್ಲಿಂದ ಮುಕ್ತಾಯಕ್ಕೆ ಉಳಿದಿರುವುದು 200 ಮೀಟರ್ ತಾನೆ. 100 ಮೀಟರ್ ಆರಂಭದ ಗೆರೆ ಎಲ್ಲ ಲೇನಿಗೂ 300ನೇ ಮೀಟರ್.

ಎಡವುವುದು ಫ್ರೇಮ್ ದರದಲ್ಲಿ. ಯುರೋಪಿನ ಹಳೆಯ ಪ್ರಸಾರ ಸೆಕೆಂಡಿಗೆ 25 ಫ್ರೇಮ್, ಅಮೆರಿಕದ್ದು 29.97. ಪ್ರತಿ ಮಾಡುವಾಗ ಒಂದು ಇನ್ನೊಂದಾಗಿರುತ್ತದೆ. ಇದಕ್ಕೆ ಅಟ್ಲಾಂಟಾ 1996ರ ಒಲಿಂಪಿಕ್ಸ್ 200 ಮೀಟರ್ ಫೈನಲ್ ಒಳ್ಳೆಯ ತಕ್ಕಡಿ. ಜಾನ್ಸನ್ ಓಡಿದ 19.32ರಲ್ಲಿ ಮೊದಲ ನೂರು 10.12, ಎರಡನೆಯದು 9.20. ಆ ಎರಡನೇ ನೂರಕ್ಕೆ 276ರ ಆಸುಪಾಸು ಫ್ರೇಮ್ ಸಿಕ್ಕರೆ ಅದು 29.97ರ ಪ್ರತಿ, 230 ಸಿಕ್ಕರೆ 25ರದು. ನಡುವಿನ ಸಂಖ್ಯೆ ಬಂದರೆ ಫ್ರೇಮ್ ಬಿದ್ದುಹೋಗಿವೆ, ಆ ಪ್ರತಿ ಎಸೆಯಿರಿ. 25 ಫ್ರೇಮಿನಲ್ಲಿ ಒಂದು ಫ್ರೇಮ್ ತಪ್ಪಿದರೆ 0.04 ಸೆಕೆಂಡ್, ಆ ವೇಗದಲ್ಲಿ ಸುಮಾರು 43 ಸೆಂಟಿಮೀಟರ್. ಕ್ಯಾಮೆರಾ ಓರೆಯಾಗಿದ್ದರೆ ತಪ್ಪು ಇನ್ನೂ ಹೆಚ್ಚು. ಹೀಗಾಗಿ ನನ್ನ ಎಣಿಕೆಯನ್ನು ಹತ್ತನೇ ಒಂದು ಸೆಕೆಂಡಿನವರೆಗೆ ಮಾತ್ರ ನಂಬುತ್ತೇನೆ.

ರಿಲೇ ಸ್ಪ್ಲಿಟ್ ವಿಷಯದಲ್ಲೂ ಎಚ್ಚರ ಬೇಕು. 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಾನ್ಸನ್ 400 ಗೆದ್ದದ್ದು 43.65ಕ್ಕೆ, ಅದೇ ಕೂಟದ ರಿಲೇಯಲ್ಲಿ, ತಂಡ 2:54.29ರ ವಿಶ್ವದಾಖಲೆ ಮಾಡಿದಾಗ, ಅವರ ಕೊನೆಯ ಸುತ್ತು 42.94. ಒಂದೇ ಕಾಲು, ಒಂದೇ ಕೂಟ, 0.71 ವ್ಯತ್ಯಾಸ. ಓಡುತ್ತಲೇ ಬ್ಯಾಟನ್ ಹಿಡಿಯುವುದರ ಲಾಭ ಅದು. ರಿಲೇಯಲ್ಲಿ 49.8 ಓಡಿದವನನ್ನು ‘50ರೊಳಗಿನ ಓಟಗಾರ’ ಎಂದು ಬರೆದುಕೊಳ್ಳಬೇಡಿ.

ನಮ್ಮ ಓಟಗಾರನಿಗೆ ಹೊಂದಿಸುವುದು

200 ಮೀಟರನ್ನು 22.8ರಲ್ಲಿ ಓಡುವ, 400 ಅನ್ನು 50ಕ್ಕೆ ತರಬೇಕಾದ ಹುಡುಗ ಎಂದಿಟ್ಟುಕೊಳ್ಳಿ. ಸೆವಿಲ್ಲಾದ ಪ್ರಮಾಣ ಶೇಕಡಾ 25.7, 23.4, 24.2, 26.7. ಅದನ್ನು 50.0ಕ್ಕೆ ಹಾಕಿದರೆ 12.85, 11.72, 12.09, 13.34. ಅರ್ಧಕ್ಕೆ 24.57. ಕಾಗದದ ಮೇಲೆ ಚೆಂದ, ಮೈದಾನದಲ್ಲಿ ಕೆಲಸ ಮಾಡುವುದಿಲ್ಲ. ಮೂರನೇ ನೂರನ್ನು 12.09ಕ್ಕೆ ಹಿಡಿಯುವ ತಾಳಿಕೆ ಅವನಲ್ಲಿ ಇನ್ನೂ ಇಲ್ಲ. ಅರ್ಧದವರೆಗೆ ನಿಧಾನಿಸಿದ್ದೂ ದಂಡ, ಆಮೇಲೆ ಕುಸಿಯುವುದೂ ತಪ್ಪದು. ಮೊದಲ ವರ್ಷ ಅತ್ಯುತ್ತಮ 200ಕ್ಕೆ 1.2 ಸೆಕೆಂಡ್ ಸೇರಿಸಿ 24.0 ಕೊಡುತ್ತೇನೆ, ಎರಡನೇ ಅರ್ಧಕ್ಕೆ 26.0. ಅಂತರ ಎರಡು ಸೆಕೆಂಡ್. ತಾಳಿಕೆ ಬಂದ ಹಾಗೆ ಅಂತರ ಮುಚ್ಚುತ್ತ ಬರಬೇಕು: ಮುಂದಿನ ಗುರಿ 24.3 ಮತ್ತು 25.2. ಮೊದಲರ್ಧ ನಿಧಾನವಾಗಿದೆ, ಒಟ್ಟು ಸಮಯ 49.5ಕ್ಕೆ ಇಳಿದಿದೆ. ಇದನ್ನು ಅಪ್ಪ ಅಮ್ಮಂದಿರಿಗೆ ಒಪ್ಪಿಸುವುದೇ ತರಬೇತಿಗಿಂತ ಕಷ್ಟ.

ಓಟವನ್ನು ತುಂಡು ಮಾಡಲು ಹಾರ್ಟ್ ಅವರ ನಾಲ್ಕು ‘ಪ’ಗಳನ್ನೇ ಇಟ್ಟುಕೊಂಡಿದ್ದೇನೆ: ಪುಷ್, ಪೇಸ್, ಪೊಸಿಷನ್, ಪಾಯ್ಸ್. ಮೊದಲ 50 ಮೀಟರ್ ಪುಷ್. ಇಲ್ಲಿ ಹಿಂಜರಿಯಬಾರದು, ಸ್ನಾಯುವಿನಲ್ಲಿ ಆಗಲೇ ಸಿದ್ಧವಾಗಿರುವ ಇಂಧನ ಬಳಸದಿದ್ದರೆ ಉಳಿತಾಯವೇನೂ ಆಗುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ, ‘400 ತಾನೆ’ ಎಂದು ಬ್ಲಾಕಿನಿಂದ ಮೆಲ್ಲಗೆ ಎದ್ದು, ಆಮೇಲೆ 80ನೇ ಮೀಟರಿನಲ್ಲಿ ಅವಸರ ಮಾಡುತ್ತಾರೆ. ಅಲ್ಲಿಂದ 200ರವರೆಗೆ ಪೇಸ್: ವೇಗ ಬಂದಿದೆ, ಭುಜ ಇಳಿಸಿ ಅದನ್ನು ಹರಿಯಲು ಬಿಡುವುದು. 200ರಿಂದ 300 ಪೊಸಿಷನ್, ಅಂದರೆ ಗೆಲ್ಲಬಲ್ಲ ಜಾಗಕ್ಕೆ ತಿರುವಿನಲ್ಲೇ ಬಂದು ನಿಲ್ಲುವುದು. ನಾನು 220ನೇ ಮೀಟರಿನ ಹಸಿರು ಗುರುತಿನ ಪಕ್ಕ ಕೋನ್ ಇಟ್ಟು, ‘ಇಲ್ಲಿಂದ ಕೈ ಜೋರು’ ಎಂದಷ್ಟೇ ಹೇಳುತ್ತೇನೆ. ದಣಿದ ಕಾಲಿಗೆ ‘ಜೋರಾಗಿ ಓಡು’ ಎಂದರೆ ಹೆಜ್ಜೆ ಚಾಚುತ್ತದೆ, ಪಾದ ದೇಹದ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ. ಕೈ ಬೀಸು ಚುರುಕಾದರೆ ಕಾಲು ತಾನಾಗಿ ಹಿಂಬಾಲಿಸುತ್ತದೆ. ಕೊನೆಯ ನೂರು ಪಾಯ್ಸ್. ಅಲ್ಲಿ ಮಾಡುವುದಕ್ಕಿಂತ ಕೆಡಿಸದಿರುವುದೇ ಕೆಲಸ: ದವಡೆ ಸಡಿಲ, ಮುಷ್ಟಿ ಸಡಿಲ, ಗದ್ದ ಏರಬಾರದು.

200ರ ಪಾಠ

200 ಮೀಟರನ್ನು ಒಂದೇ ದಿನ ಮತ್ತೆ ಮತ್ತೆ ಓಡಿಸುವುದು, ಹಾರ್ಟ್ ಪದ್ಧತಿಯ ಬೆನ್ನೆಲುಬು ಇದು. ಹಂಗಾಮಿನ ಶುರುವಿಗೆ ಹೆಚ್ಚು ಸಲ, ನಿಧಾನವಾಗಿ. ಕೊನೆಗೆ ಕಡಿಮೆ ಸಲ, ವೇಗವಾಗಿ. ನಡುವಿನ ವಿಶ್ರಾಂತಿ ಮಾತ್ರ ಬದಲಾಗದು, ಎರಡು ನಿಮಿಷ ಎಂದರೆ ಎರಡೇ ನಿಮಿಷ. ಮೇಲಿನ ಹುಡುಗನಿಗೆ ನನ್ನ ಏಣಿ ಹೀಗಿದೆ: 30 ಸೆಕೆಂಡಿನಲ್ಲಿ 8 ಸಲ, 29ರಲ್ಲಿ 7, 28ರಲ್ಲಿ 6, 27ರಲ್ಲಿ 5, 26ರಲ್ಲಿ 4, ಕೊನೆಗೆ 25ರಲ್ಲಿ 3. ವಾರಕ್ಕೆ ಒಂದೇ ದಿನ, ಒಂದು ಮೆಟ್ಟಿಲಿನಲ್ಲಿ ಎರಡರಿಂದ ಮೂರು ವಾರ. ವಾರದ ಇನ್ನೊಂದು ಗಟ್ಟಿ ದಿನ 350 ಮೀಟರ್ ಮೂರು ಸಲ ಅಥವಾ 450 ಎರಡು ಸಲ. ಬೇರೊಂದು ದಿನ 60ರಿಂದ 120ರ ಶುದ್ಧ ವೇಗ, ಪೂರ್ತಿ ವಿಶ್ರಾಂತಿ ಕೊಟ್ಟು.

ಮೊದಲ ದಿನ ಆಗುವ ತಪ್ಪು ಯಾವಾಗಲೂ ಒಂದೇ. 30 ಸೆಕೆಂಡ್ ಎಂದರೆ ಅವರಿಗೆ ನಗು. ಮೊದಲನೆಯದನ್ನು 27ಕ್ಕೆ ಓಡಿ, ಐದನೆಯದಕ್ಕೆ 33ಕ್ಕೆ ಬರುತ್ತಾರೆ. ಅದಕ್ಕೆ 50, 100, 150ರಲ್ಲಿ ಕೋನ್ ಇಟ್ಟು ಪ್ರತಿ 7.5 ಸೆಕೆಂಡಿಗೆ ಸೀಟಿ ಊದುತ್ತೇನೆ. ಸೀಟಿ ಬಿದ್ದಾಗ ಕೋನಿನ ಪಕ್ಕ ಇರಬೇಕು. ಎರಡು ಮೀಟರ್ ಮುಂದಿದ್ದರೆ 0.3 ಸೆಕೆಂಡ್ ಅವಸರ ಎಂದು ಅರ್ಥ. ನಾಲ್ಕು ವಾರದಲ್ಲಿ ಸೀಟಿ ಇಲ್ಲದೆಯೂ ಅರ್ಧ ಸೆಕೆಂಡಿನೊಳಗೆ ಬರುವಷ್ಟು ಅಂದಾಜು ಕೂಡುತ್ತದೆ. ಫೈನಲ್‌ನಲ್ಲಿ ಪಕ್ಕದವನು ಬಾಣದಂತೆ ಹೋದಾಗ ತನ್ನ ಲೆಕ್ಕಕ್ಕೆ ಅಂಟಿಕೊಳ್ಳಲು ಆಗುವುದು ಈ ಅಂದಾಜಿನಿಂದಲೇ.

ಎರಡನೇ ತಪ್ಪು ನಮ್ಮದು, ಕೋಚ್‌ಗಳದು. ಹುಡುಗ ಮಂಡಿಯ ಮೇಲೆ ಕೈಯೂರಿ ನಿಂತಿದ್ದಾನೆ, ಎರಡು ನಿಮಿಷ ಎರಡೂವರೆ ಆಗುತ್ತದೆ, ಮೂರಾಗುತ್ತದೆ. ಸಮಯ ಚೆನ್ನಾಗಿ ಬರುತ್ತದೆ, ನೋಟ್‌ಬುಕ್ ಚೆನ್ನಾಗಿ ಕಾಣುತ್ತದೆ, ಆದರೆ ಪಾಠ ಬೇರೆಯಾಯಿತು. ಪೂರ್ತಿ ಆರದ ಮೈಯಲ್ಲಿ ಅದೇ ಲಯ ಹಿಡಿಯುವುದೇ ಇಲ್ಲಿನ ಉದ್ದೇಶ. ಕೊನೆಯ ಓಟ ಗುರಿಗಿಂತ ಒಂದು ಸೆಕೆಂಡ್ ಹಿಂದೆ ಬಿದ್ದರೆ ವಿಶ್ರಾಂತಿ ಹಿಗ್ಗಿಸದೆ, ಮುಂದಿನ ವಾರ ಒಂದು ಮೆಟ್ಟಿಲು ಕೆಳಗಿಳಿಸುತ್ತೇನೆ.

ತಾಲೂಕು ಮೈದಾನಗಳ 200 ಮೀಟರ್ ಮಣ್ಣಿನ ಟ್ರ್ಯಾಕಿನಲ್ಲಿ ಇದೇ ಸಮಯಗಳನ್ನು ಕೇಳಬಾರದು. ಪ್ರಮಾಣಿತ ಟ್ರ್ಯಾಕಿನ ತಿರುವಿನ ತ್ರಿಜ್ಯ 36.5 ಮೀಟರ್, ಇಲ್ಲಿ ಅದರ ಅರ್ಧದಷ್ಟೇ. ಒಂದೇ ದಿಕ್ಕಿಗೆ ಎಂಟು ಸಲ ಓಡಿಸಿದರೆ ಎಡಗಾಲಿನ ಮೊಣಕಾಲ ಕೆಳಗೆ ನೋವು ಶುರುವಾಗುತ್ತದೆ. ಸಮಯಕ್ಕೆ ಒಂದು ಸೆಕೆಂಡ್ ಸೇರಿಸಿ, ಅರ್ಧ ಓಟಗಳನ್ನು ಎದುರು ದಿಕ್ಕಿನಲ್ಲಿ ಓಡಿಸಿ, ಸ್ಪೈಕ್ಸ್ ಬೇಡ.

ಗಾಯಗಳ ಪಟ್ಟಿ

ಜಾನ್ಸನ್ ಗಾಯಗಳನ್ನು ಸಾಲಾಗಿ ಬರೆದುಕೊಂಡಾಗ ಕಂಡದ್ದು ನನ್ನ ವೇಳಾಪಟ್ಟಿಯನ್ನೇ ಬದಲಿಸಿತು. 1988ರ ಕಾಲಿನ ಮೂಳೆ ಬಿರುಕನ್ನು ಬಿಡಿ, ಅದು ಸ್ನಾಯುವಿನದಲ್ಲ. 1996ರ ಅಟ್ಲಾಂಟಾದಲ್ಲಿ ತೊಡೆಯ ಹಿಂಭಾಗ ಹಿಡಿದದ್ದು 200 ಫೈನಲ್‌ನ ಕೊನೆಯಲ್ಲಿ. 1997ರಲ್ಲಿ ಟೊರಾಂಟೊದಲ್ಲಿ ಕೆನಡಾದ 100 ಮೀಟರ್ ಓಟಗಾರ ಡೊನೊವನ್ ಬೇಯ್ಲಿ ಜತೆ ಓಡುವಾಗ ತೊಡೆಯ ಮುಂಭಾಗ ಎಳೆದದ್ದು 150 ಮೀಟರ್ ಓಟದಲ್ಲಿ. 2000ದ ಅಮೆರಿಕ ಆಯ್ಕೆ ಕೂಟದಲ್ಲಿ ಕುಂಟುತ್ತ ನಿಂತದ್ದು ಮತ್ತೆ 200 ಫೈನಲ್‌ನಲ್ಲಿ. ಅದೇ ವರ್ಷ ಸಿಡ್ನಿಯಲ್ಲಿ 400 ಅನ್ನು 43.84ಕ್ಕೆ ಗೆದ್ದರು. ಮೂರೂ ಸಲ ಸ್ನಾಯು ಕೈಕೊಟ್ಟದ್ದು ತಿರುವಿನಲ್ಲಿ ಪೂರ್ಣ ವೇಗ ಬೇಡುವ ಓಟದಲ್ಲಿ, 400ರಲ್ಲಿ ಅಲ್ಲ.

ಆದ್ದರಿಂದ ಎರಡೂ ಓಡುವವರಿಗೆ 400 ಮೊದಲು, 200 ಆಮೇಲೆ. ಅಟ್ಲಾಂಟಾದಲ್ಲಿ ವೇಳಾಪಟ್ಟಿ ಬದಲಿಸಿದ ಮೇಲೆ ಅವರಿಗೆ ಸಿಕ್ಕ ಕ್ರಮವೂ ಇದೇ: ಜುಲೈ 29ಕ್ಕೆ 43.49, ಆಗಸ್ಟ್ 1ಕ್ಕೆ 19.32. ಅದರಲ್ಲಿ ಒಟ್ಟು ಎಂಟು ಓಟ. ನಮ್ಮ ಕೂಟಗಳು ಎರಡೇ ದಿನದಲ್ಲಿ ಮುಗಿಯುವುದರಿಂದ 200ರ ಹೀಟ್ಸ್‌ನಲ್ಲಿ (ಅರ್ಹತಾ ಸುತ್ತಿನಲ್ಲಿ) 150ನೇ ಮೀಟರಿನ ನಂತರ ಅರ್ಹತೆಗೆ ಬೇಕಾದಷ್ಟೇ ಓಡಿಸುತ್ತೇನೆ. ಪೂರ್ಣ ವೇಗದ ತಿರುವು ಅಭ್ಯಾಸವನ್ನು ವಾರಕ್ಕೆ ಒಂದೇ ದಿನ, ನಾಲ್ಕು ಓಟಕ್ಕೆ ನಿಲ್ಲಿಸಿದ್ದೇನೆ.

200 ಫೈನಲ್ ಆದ ಮೇಲೆ ರಿಲೇ ಇದ್ದೇ ಇರುತ್ತದೆ. ಹೆಸರು ಕೊಡುವ ಮುಂಚೆ ಓಟಗಾರನನ್ನು ಬೋರಲು ಮಲಗಿಸಿ, ಮಂಡಿ ಮಡಿಸಲು ಹೇಳಿ, ಹಿಮ್ಮಡಿಯನ್ನು ಕೈಯಿಂದ ತಡೆದು ನೋಡುತ್ತೇನೆ. ಎರಡೂ ಕಾಲಿನ ಬಲ ಒಂದೇ ಇಲ್ಲದಿದ್ದರೆ, ಅಥವಾ ಒಂದು ಕಡೆ ಚುಚ್ಚಿದರೆ, ಬದಲಿ ಓಟಗಾರ ಹೋಗುತ್ತಾನೆ. ಅಟ್ಲಾಂಟಾದಲ್ಲಿ ಜಾನ್ಸನ್ 4×400ಕ್ಕೆ ಇಳಿಯಲಿಲ್ಲ. ಅವರಿಲ್ಲದೆ ಅಮೆರಿಕ ತಂಡ 2:55.99ಕ್ಕೆ ಚಿನ್ನ ಗೆದ್ದಿತು.