ಕ್ಯಾಂಪನೈಲ್ ಅಲ್ಲ, ಕಾಂಪಾನೀಲೆ: ಫ್ಲಾರೆನ್ಸ್ ಗಂಟೆಗೋಪುರದ ಹೆಸರು ಹೇಳೋದು, ಬರೆಯೋದು ಹೇಗೆ

ಇಟಲಿಯ ಫ್ಲಾರೆನ್ಸ್‌ನಲ್ಲಿ ದೊಡ್ಡ ಚರ್ಚ್ ಪಕ್ಕ ನಿಂತಿರೋ ಆ 84.7 ಮೀಟರ್ ಗೋಪುರ ಇದ್ಯಲ್ಲ, ಅದರ ಹೆಸರನ್ನ ನಮ್ಮವರು ಹತ್ತು ಥರ ಬರೀತಾರೆ. ನಾನೂ ಮೊದ್ಲು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡ್ಕೊಂಡು ಕ್ಯಾಂಪನೈಲ್ ಅಂತಾನೇ ಅಂತಿದ್ದೆ. ಅದು ಕಾಂಪಾನೀಲೆ ದಿ ಜೊತ್ತೊ, ಜೊತ್ತೊ ಅಂದ್ರೆ ಅದನ್ನ ಕಟ್ಟೋಕೆ ಶುರು ಮಾಡಿದ ಚಿತ್ರಕಾರ.

ಕಾಂ-ಪಾ-ನೀ-ಲೆ, ನಾಲ್ಕು ತುಂಡು, ಒತ್ತಿ ಎಳೆಯೋದು "ನೀ" ಮಾತ್ರ. ಹಾಗಿದ್ರೆ ಕಾ, ಪಾಗೆ ದೀರ್ಘ ಯಾಕೆ ಅಂದ್ರೆ, ಅಲ್ಲಿ ಬಾಯಿ ಪೂರ್ತಿ ತೆರೀಬೇಕು ಅಂತ ಅಷ್ಟೇ, ಎಳೀಬೇಡಿ. ದೀರ್ಘ ಬಿಟ್ಟು ಬರೆದ್ರೆ ಯಾವ್ದೋ ಕಂಪನಿ ಹೆಸರಿನ ಥರ ಕಾಣುತ್ತೆ ಬೇರೆ. ಕೊನೇ ಲೆ ಗಿಡ್ಡದು, "ಎಲೆ"ಯಲ್ಲಿರೋ ಲೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯೋವಾಗ ಎಲ್ ಒಂದೇ ಹಾಕಿ, ಎರಡು ಹಾಕೋರು ಬಹಳ ಜನ.

ಜೊತ್ತೊ ಅನ್ನೋದೇ ನಿಜವಾದ ತಲೆನೋವು. ಸ್ಪೆಲ್ಲಿಂಗ್‌ನಲ್ಲಿ ಜಿ ಆದ್ಮೇಲೆ ಐ, ಆಮೇಲೆ ಒ ಬರುತ್ತೆ, ಅದನ್ನ ನೋಡಿ ಗಿಯೊಟ್ಟೊ, ಜಿಯೋಟೋ ಅಂತೆಲ್ಲ ಬರೀತಾರೆ, ಆದ್ರೆ ಆ ಐಗೆ ಸ್ವಂತ ಸದ್ದೇ ಇಲ್ಲ, ಜಿಯನ್ನ "ಗ" ಆಗೋಕೆ ಬಿಡ್ದೆ "ಜ" ಮಾಡೋದಷ್ಟೇ ಅದರ ಕೆಲಸ. ಟಿ ಎರಡಿದ್ರೆ ಎರಡೂ ಕೇಳಿಸ್ಬೇಕು. ಇಂಗ್ಲಿಷ್‌ನವರಿಗೆ ಇದು ಕಷ್ಟ, ನಮಗೆ ಬಾಯಲ್ಲೇ ಇದೆ: "ಜೊತೆ" ಅನ್ನಿ, "ಹೊತ್ತು" ಅನ್ನಿ, ಎರಡನೇದ್ರಲ್ಲಿ ನಾಲಿಗೆ ಹಲ್ಲಿಗೆ ತಾಗಿ ಒಂದು ಕ್ಷಣ ನಿಲ್ಲುತ್ತಲ್ಲ, ಅದೇ. ಅದಕ್ಕೇ ತ ಕೆಳಗೆ ತ ಒತ್ತು ಹಾಕಿ, ಟ ಬೇಡ. "ದಿ" ಕೂಡ ಡಿ ಅಲ್ಲ, ಇಟಾಲಿಯನ್‌ನಲ್ಲಿ ತ, ದ ಹಲ್ಲಿಗೇ ತಾಗೋದು.

"ದಿ" ಅಂದ್ರೆ "ನ" ಅಥವಾ "ಯ", ಅಂದ್ರೆ ಜೊತ್ತೊನ ಗಂಟೆಗೋಪುರ. ಪಾಪ, ಜೊತ್ತೊ 1334ರಲ್ಲಿ ಕೆಲಸ ಶುರು ಮಾಡಿ 1337ಕ್ಕೇ ತೀರ್ಕೊಂಡ, ಗೋಪುರ ಮುಗಿಯೋ ಹೊತ್ತಿಗೆ 1359, ಮುಗಿಸಿದ್ದು ತಾಲೆಂತಿ ಅನ್ನೋ ಇನ್ನೊಬ್ಬ ಶಿಲ್ಪಿ, ಹೆಸರು ಮಾತ್ರ ಜೊತ್ತೊದೇ ಉಳೀತು. ಕಾಂಪಾನಾ ಅಂದ್ರೆ ಗಂಟೆ, ಕಾಂಪಾನೀಲೆ ಅಂದ್ರೇನೇ ಗಂಟೆಗೋಪುರ, ಹಾಗಾಗಿ "ಕಾಂಪಾನೀಲೆ ಟವರ್" ಅಂತ ಬರೀಬೇಡಿ, ನಡುಸೆಂಟರ್ ಅಂದಂಗಾಗುತ್ತೆ. ವೆನಿಸ್‌ನಲ್ಲಿ 1902ರಲ್ಲಿ ಕುಸಿದು 1912ಕ್ಕೆ ಮತ್ತೆ ಎದ್ದು ನಿಂತಿದ್ದೂ ಒಂದು ಕಾಂಪಾನೀಲೆನೇ, ಅದಕ್ಕೇ ಯಾವ ಊರಿಂದು ಅಂತ ಸೇರಿಸಿ ಹೇಳಿ.

ಈ ಜಿ-ಐ ರೂಲ್ ಹಿಡ್ಕೊಂಡು ಸ್ಪೇನ್‌ಗೆ ಹೋಗ್ಬೇಡಿ ಮತ್ತೆ. ಸೆವಿಲ್‌ನ ಗಂಟೆಗೋಪುರದ ಹೆಸರೂ ಜಿ-ಐ ಇಂದಾನೇ ಶುರು, ಅಲ್ಲಿ ಅದು ಗಂಟಲಿಂದ ಬರೋ ಹಿ, ಹಿರಾಲ್ದಾ. ಇಟಲಿಯಲ್ಲೇ ಇರೋ ಮೋದೆನಾ ಊರಿನ ಗಂಟೆಗೋಪುರ ಗಿರ್ಲಾಂದೀನಾದಲ್ಲಿ ಜಿ ಪಕ್ಕ ಎಚ್ ಇದೆ, ಅದಕ್ಕೆ ಅಲ್ಲಿ ಗಿ. ಎಚ್ ನೋಡಿ ಘಿ ಅಂತ ಬರೆಯೋರೂ ಇದ್ದಾರೆ, ಅಲ್ಲಿ ಮಹಾಪ್ರಾಣ ಇಲ್ವೇ ಇಲ್ಲ.